ಶೇಖರಣಾ ತಂತ್ರಾಂಶದ ಕೈಪಿಡಿಯಲ್ಲಿ ಅಕ್ಷರದೋಷ ಕಂಡರೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಹಲವು ಸರ್ವರ್‌ಗಳಲ್ಲಿರುವ ಡಿಸ್ಕ್‌ಗಳನ್ನು ಒಟ್ಟುಗೂಡಿಸಿ ಒಂದೇ ಶೇಖರಣಾ ವ್ಯವಸ್ಥೆಯಾಗಿ ದುಡಿಸುವ ಸೆಫ್, ಗ್ಲಸ್ಟರ್‌ಎಫ್‌ಎಸ್, ಎಚ್‌ಡಿಎಫ್‌ಎಸ್ ಮುಂತಾದ ಮುಕ್ತ ತಂತ್ರಾಂಶಗಳ ಬಗ್ಗೆ ಬಂದಿರುವ ಪತ್ರಗಳಲ್ಲಿ ಹಲವು ಒಂದೇ ವಿಷಯದ ಸುತ್ತ ಇವೆ. ಈ ತಂತ್ರಾಂಶಗಳ ಇಂಗ್ಲಿಷ್ ಡಾಕ್ಯುಮೆಂಟೇಶನ್‌ನಲ್ಲಿ ಕಾಣುವ ಕಾಗುಣಿತ ತಪ್ಪುಗಳನ್ನು ಯಾರು, ಹೇಗೆ, ಎಷ್ಟರಮಟ್ಟಿಗೆ ತಿದ್ದಬಹುದು ಎಂಬುದು ಆ ವಿಷಯ. ಆಯ್ದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಾನು ಸೆಫ್ ಕಲಿಯುತ್ತಿರುವ ವಿದ್ಯಾರ್ಥಿ. ಅದರ ಅಧಿಕೃತ ಡಾಕ್ಯುಮೆಂಟೇಶನ್ ಓದುವಾಗ ಅಲ್ಲಲ್ಲಿ ಕಾಗುಣಿತ ತಪ್ಪುಗಳು ಕಣ್ಣಿಗೆ ಬೀಳುತ್ತವೆ. ಕೋಡ್ ಬರೆಯುವಷ್ಟು ಪರಿಣತಿ ನನಗಿನ್ನೂ ಬಂದಿಲ್ಲ. ಇಂಥ ಸಣ್ಣ ತಪ್ಪುಗಳನ್ನು ತಿದ್ದಿ ಕಳುಹಿಸಿದರೆ ನಿಜವಾಗಿ ಉಪಯೋಗವಿದೆಯೇ, ಇಲ್ಲವೇ ನಿರ್ವಾಹಕರ ಸಮಯ ಹಾಳು ಮಾಡಿದಂತಾಗುತ್ತದೆಯೇ?

ಉತ್ತರ: ಉಪಯೋಗವಿದೆ, ಆದರೆ ಎಲ್ಲ ತಪ್ಪುಗಳಿಗೂ ಒಂದೇ ತೂಕವಿಲ್ಲ. ಶೇಖರಣಾ ತಂತ್ರಾಂಶದ ಕೈಪಿಡಿಯನ್ನು ಯಾರೂ ಕಾದಂಬರಿಯಂತೆ ಕುಳಿತು ಓದುವುದಿಲ್ಲ. ಡಿಸ್ಕ್ ಕೆಟ್ಟಾಗ, ಕ್ಲಸ್ಟರ್ (ಒಟ್ಟಾಗಿ ದುಡಿಯುವ ಸರ್ವರ್‌ಗಳ ಗುಂಪು) ಎಚ್ಚರಿಕೆ ತೋರಿಸಿದಾಗ, ರಾತ್ರಿ ಹೊತ್ತಿನಲ್ಲಿ ಗಾಬರಿಯಿಂದ ಪುಟ ತೆರೆದು, ಅಲ್ಲಿರುವ ಕಮಾಂಡ್ ನಕಲಿಸಿ ಟರ್ಮಿನಲ್‌ಗೆ ಅಂಟಿಸುವವರೇ ಹೆಚ್ಚು. ಆದ್ದರಿಂದ ಒಂದು ತಪ್ಪು ಎಷ್ಟು ಗಂಭೀರವೆಂದು ಅಳೆಯಬೇಕಾದರೆ, ಆ ಸಾಲನ್ನು ಓದಿದವನು ಮುಂದೆ ಏನು ಮಾಡುತ್ತಾನೆ ಎಂದು ಕೇಳಿಕೊಳ್ಳಬೇಕು.

ಒಂದು ಉದಾಹರಣೆ ನೋಡೋಣ. ‘ದಿ ಪೂಲ್ ಈಸ್ ನಾಟ್ ಸೇಫ್ ಟು ಡಿಲೀಟ್’, ಅಂದರೆ ಈ ಪೂಲನ್ನು (ದತ್ತಾಂಶ ಇಡುವ ವಿಭಾಗವನ್ನು) ಅಳಿಸುವುದು ಸುರಕ್ಷಿತವಲ್ಲ, ಎಂದು ಬರೆಯಬೇಕಾದ ಕಡೆ ‘ನಾಟ್’ ಪದದ ಕೊನೆಯ ‘ಟಿ’ ಅಕ್ಷರದ ಬದಲು ‘ಡಬ್ಲ್ಯು’ ಬಿದ್ದರೆ ಅದು ‘ನೌ’ ಆಗುತ್ತದೆ. ಈಗ ಅಳಿಸಬಹುದು ಎಂಬ ತದ್ವಿರುದ್ಧ ಅರ್ಥ ಬರುತ್ತದೆ. ಎರಡೂ ಸರಿಯಾದ ಇಂಗ್ಲಿಷ್ ಪದಗಳೇ ಆದ್ದರಿಂದ ಕಾಗುಣಿತ ಪರೀಕ್ಷಿಸುವ ಯಾವ ಸಾಧನವೂ ಕೆಂಪು ಗೆರೆ ಎಳೆಯುವುದಿಲ್ಲ. ‘ಕಳೆದುಕೊಳ್ಳು’ ಎಂಬ ಅರ್ಥದ ಪದಕ್ಕೆ ಒಂದು ‘ಓ’ ಹೆಚ್ಚಾಗಿ ಬಿದ್ದು ‘ಸಡಿಲ’ ಎಂಬ ಅರ್ಥದ ಪದವಾಗುವುದು ಇನ್ನೂ ಸಾಮಾನ್ಯ. ದತ್ತಾಂಶ ಕಳೆದುಹೋಗುತ್ತದೆ ಎಂಬ ಎಚ್ಚರಿಕೆಯೇ ಅಲ್ಲಿ ನಗೆಪಾಟಲಿಗೆ ಈಡಾಗುತ್ತದೆ. ಅಂಕಿಗಳ ವಿಷಯವಂತೂ ಹೇಳುವುದೇ ಬೇಡ. ಸೆಫ್‌ನಲ್ಲಿ ಪ್ರತಿಗಳನ್ನಿಡುವ ಪೂಲ್‌ಗೆ ಮೂಲ ಸಂಯೋಜನೆಯಂತೆ 3 ಪ್ರತಿಗಳಿರುತ್ತವೆ, ಮತ್ತು ಕನಿಷ್ಠ 2 ಪ್ರತಿಗಳು ಲಭ್ಯವಿದ್ದರೆ ಮಾತ್ರ ಅದು ಓದು-ಬರಹಕ್ಕೆ ಒಪ್ಪುತ್ತದೆ. ಆ ಕನಿಷ್ಠ ಸಂಖ್ಯೆಯ ಉದಾಹರಣೆಯಲ್ಲಿ 2ರ ಬದಲು 1 ಎಂದು ಅಚ್ಚಾಗಿ, ಅದನ್ನು ನಂಬಿ ಒಬ್ಬರು ಹಾಗೆಯೇ ಹೊಂದಿಸಿದರೆ, ಒಂದೇ ಒಂದು ಪ್ರತಿ ಉಳಿದಿರುವಾಗಲೂ ಹೊಸ ಬರಹವನ್ನು ಕ್ಲಸ್ಟರ್ ಸ್ವೀಕರಿಸುತ್ತದೆ. ಆ ಡಿಸ್ಕೂ ಕೈಕೊಟ್ಟರೆ ಆಗ ಬರೆದದ್ದನ್ನು ಮರಳಿ ಪಡೆಯಲು ಎಲ್ಲಿಯೂ ಆಧಾರವಿರುವುದಿಲ್ಲ.

ಕಮಾಂಡ್‌ಗೆ ಕೊಡುವ ಒಂದು ಮೌಲ್ಯ ತಪ್ಪಿದರೆ ಏನಾಗಬಹುದು ಎಂಬುದಕ್ಕೆ 2017ರ ಫೆಬ್ರುವರಿ 28ರಂದು ಅಮೆಜಾನ್‌ನ ಎಸ್3 ಶೇಖರಣಾ ಸೇವೆ ಉತ್ತರ ವರ್ಜೀನಿಯಾ ವಲಯದಲ್ಲಿ ಸ್ಥಗಿತವಾದದ್ದು ಎಲ್ಲರಿಗೂ ತಿಳಿದ ನಿದರ್ಶನ. ನಿಗದಿತ ಕಾರ್ಯಸೂಚಿಯನ್ನು ಅನುಸರಿಸಿ ಕೆಲವೇ ಸರ್ವರ್‌ಗಳನ್ನು ತೆಗೆಯಲು ಹೊರಟ ಸಿಬ್ಬಂದಿ, ಕಮಾಂಡ್‌ನ ಒಂದು ಮೌಲ್ಯವನ್ನು ತಪ್ಪಾಗಿ ನಮೂದಿಸಿದ್ದರಿಂದ ಉದ್ದೇಶಿಸಿದ್ದಕ್ಕಿಂತ ಹೆಚ್ಚು ಸರ್ವರ್‌ಗಳು ಹೊರಬಿದ್ದವು ಎಂದು ಆ ಕಂಪನಿಯೇ ವಿವರಣೆ ಪ್ರಕಟಿಸಿತು. ಅಲ್ಲಿ ತಪ್ಪಿದ್ದು ಕೈಪಿಡಿಯಲ್ಲ, ಟೈಪ್ ಮಾಡಿದ ಕೈ. ಆದರೆ ಕೈಪಿಡಿಯಲ್ಲೇ ಅಂಥ ತಪ್ಪು ಇದ್ದರೆ ಅದನ್ನು ನಂಬಿ ನಡೆಯುವ ಪ್ರತಿಯೊಬ್ಬರೂ ಅದನ್ನೇ ಮಾಡುತ್ತಾರೆ.

ಇನ್ನು ವಿವರಣೆಯ ವಾಕ್ಯದಲ್ಲಿ ‘ರಿಸೀವ್’ ಪದದ ‘ಇ’ ಮತ್ತು ‘ಐ’ ಅಕ್ಷರಗಳು ಅದಲುಬದಲಾಗಿದ್ದರೆ ಯಾರ ದತ್ತಾಂಶವೂ ನಾಶವಾಗುವುದಿಲ್ಲ. ಆದರೂ ಅದನ್ನು ತಿದ್ದುವುದು ಸರಿಯೇ. ಪುಟದೊಳಗೆ ಹುಡುಕುವವರಿಗೆ ತಪ್ಪಾಗಿ ಬರೆದ ಪದ ಸಿಗುವುದಿಲ್ಲ ಎಂಬ ಸರಳ ಕಾರಣವೇ ಸಾಕು. ಎರಡೂ ಬಗೆಯನ್ನು ತಿದ್ದಿ, ಆದರೆ ಅರ್ಥ ಕೆಡಿಸುವಂಥದನ್ನು ಮೊದಲು ತಿದ್ದಿ.

ಪ್ರಶ್ನೆ: ಒಂದು ಪುಟದಲ್ಲಿ ಪೂಲ್ ಅಳಿಸುವ ಕಮಾಂಡ್‌ನಲ್ಲಿ ಒಂದೇ ಪದ ಎರಡೆರಡು ಬಾರಿ ಬಂದಿತ್ತು. ಇನ್ನೊಂದು ಕಡೆ ‘ಅನ್‌ಮೌಂಟ್’ ಎಂದಿರಬೇಕಾದಲ್ಲಿ ‘ಎನ್’ ಅಕ್ಷರ ಬಿಟ್ಟುಹೋಗಿತ್ತು. ಎರಡನ್ನೂ ತಿದ್ದಿ ಕಳುಹಿಸಿದೆ. ಪರಿಶೀಲಕರು ಎರಡನ್ನೂ ತಿರಸ್ಕರಿಸಿದರು. ಸ್ಪಷ್ಟವಾಗಿ ತಪ್ಪಾಗಿರುವುದನ್ನು ಹಾಗೆಯೇ ಬಿಡುವುದೇಕೆ?

ಉತ್ತರ: ಅವು ತಪ್ಪಲ್ಲ, ಹೆಸರುಗಳು. ಕೈಪಿಡಿಯ ಪುಟದಲ್ಲಿ ಎರಡು ಬಗೆಯ ಬರಹ ಬೆರೆತಿರುತ್ತದೆ. ಮನುಷ್ಯರಿಗಾಗಿ ಬರೆದ ವಿವರಣೆ ಒಂದು. ಯಂತ್ರ ಅಕ್ಷರಶಃ ಹೋಲಿಸಿ ನೋಡುವ ಕಮಾಂಡ್, ಆಯ್ಕೆ, ಕಡತದ ದಾರಿ, ಸಂಯೋಜನೆಯ ಹೆಸರು ಇನ್ನೊಂದು. ಮೊದಲನೆಯದಕ್ಕೆ ನಿಘಂಟು ಪ್ರಮಾಣ. ಎರಡನೆಯದಕ್ಕೆ ಕೋಡ್ ಮಾತ್ರ ಪ್ರಮಾಣ.

ಸೆಫ್‌ನಲ್ಲಿ ಒಂದು ಪೂಲನ್ನು ಅಳಿಸಬೇಕಾದರೆ ಅದರ ಹೆಸರನ್ನು ಬೇಕೆಂದೇ ಎರಡು ಸಲ ಕೊಡಬೇಕು, ಜತೆಗೆ ‘ಯೆಸ್-ಐ-ರಿಯಲಿ-ರಿಯಲಿ-ಮೀನ್-ಇಟ್’ ಎಂಬ ಆಯ್ಕೆಯನ್ನೂ ಸೇರಿಸಬೇಕು. ಅಲ್ಲಿ ‘ರಿಯಲಿ’ ಎರಡು ಬಾರಿ ಬರುವುದು ಕೈತಪ್ಪಿನಿಂದಲ್ಲ, ಉದ್ದೇಶಪೂರ್ವಕವಾಗಿ. ಅಳಿಸಿದ ಪೂಲ್ ಮರಳಿ ಬರುವುದಿಲ್ಲ. ಆದ್ದರಿಂದ ಬೆರಳಿನ ಅಭ್ಯಾಸಬಲದಿಂದ ಯಾರೂ ಅದನ್ನು ಅಳಿಸಿಬಿಡಬಾರದೆಂದು ರಚನಕಾರರು ಹಾಕಿರುವ ತಡೆಗೋಡೆ ಅದು. ಕ್ಲಸ್ಟರ್‌ನ ಸ್ಥಿತಿಯನ್ನು ನೋಡಿಕೊಳ್ಳುವ ಮಾನಿಟರ್ ಎಂಬ ಪ್ರೋಗ್ರಾಂಗಳ ಸಂಯೋಜನೆಯಲ್ಲಿ ಪೂಲ್ ಅಳಿಸಲು ಪ್ರತ್ಯೇಕವಾಗಿ ಅನುಮತಿ ನೀಡಿರದಿದ್ದರೆ ಇಷ್ಟೆಲ್ಲ ಬರೆದರೂ ಕಮಾಂಡ್ ನಿರಾಕರಣೆಗೊಳ್ಳುತ್ತದೆ. ನಿಮ್ಮ ತಿದ್ದುಪಡಿ ಸ್ವೀಕಾರವಾಗಿದ್ದರೆ, ಪುಟವನ್ನು ನಕಲಿಸಿದ ಪ್ರತಿಯೊಬ್ಬರಿಗೂ ದೋಷಸಂದೇಶವೇ ಎದುರಾಗುತ್ತಿತ್ತು.

ಎರಡನೆಯದೂ ಹಾಗೆಯೇ. ಕಡತ ವ್ಯವಸ್ಥೆಯನ್ನು ಬೇರ್ಪಡಿಸುವ ಯೂನಿಕ್ಸ್ ಕಮಾಂಡ್‌ನ ಹೆಸರಿನಲ್ಲಿ ಆ ‘ಎನ್’ ಅಕ್ಷರ ಮೊದಲಿನಿಂದಲೂ ಇಲ್ಲ. ಹೊಸ ಕಡತ ಸೃಷ್ಟಿಸುವ ಯೂನಿಕ್ಸ್ ಸಿಸ್ಟಂ ಕಾಲ್‌ನ ಹೆಸರಿನ ಕೊನೆಯಲ್ಲಿ ಇರಬೇಕಾಗಿದ್ದ ‘ಇ’ ಕೂಡ ಇಲ್ಲ. ಯೂನಿಕ್ಸನ್ನು ಮತ್ತೆ ರೂಪಿಸುವುದಾದರೆ ಏನು ಬದಲಿಸುವಿರಿ ಎಂಬ ಪ್ರಶ್ನೆಗೆ ಅದರ ರಚನಕಾರರಲ್ಲಿ ಒಬ್ಬರಾದ ಕೆನ್ ಥಾಂಪ್ಸನ್ ಅವರು ಆ ‘ಇ’ ಸೇರಿಸುತ್ತೇನೆ ಎಂದು ಉತ್ತರಿಸಿದ್ದು ಪ್ರಸಿದ್ಧ. ವೆಬ್‌ನ ಎಚ್‌ಟಿಟಿಪಿ ನಿಯಮಗಳಲ್ಲಿ, ಓದುಗ ಯಾವ ಪುಟದಿಂದ ಬಂದನೆಂದು ತಿಳಿಸುವ ‘ರೆಫರರ್’ ಶೀರ್ಷಿಕೆಗೆ ಒಂದು ‘ಆರ್’ ಕಡಿಮೆಯಾಗಿಯೇ 1996ರ ದಾಖಲೆ ಪ್ರಕಟವಾಯಿತು. ಅದು ಇಂದಿಗೂ ಹಾಗೆಯೇ ಇದೆ, ಆದರೆ ಅದಕ್ಕೆ ಸಂಬಂಧಿಸಿ ಮುಂದೆ ಬಂದ ನೀತಿಯ ಶೀರ್ಷಿಕೆಯಲ್ಲಿ ಕಾಗುಣಿತ ಸರಿಯಾಗಿದೆ. ಜಗತ್ತಿನ ಅಸಂಖ್ಯ ಯಂತ್ರಗಳು ಆ ತಪ್ಪು ರೂಪವನ್ನೇ ನಿರೀಕ್ಷಿಸುತ್ತಿರುವಾಗ ಸರಿಯಾದ ರೂಪವೇ ದೋಷವಾಗುತ್ತದೆ.

ತದ್ವಿರುದ್ಧ ಸಂದರ್ಭವನ್ನೂ ಹೇಳಬೇಕು. ಕೋಡ್‌ನಲ್ಲಿ ಹೆಸರು ಸರಿಯಾಗಿದ್ದು, ಕೈಪಿಡಿಯಲ್ಲಿ ಮಾತ್ರ ತಪ್ಪಾಗಿ ಅಚ್ಚಾಗಿದ್ದರೆ ಅದು ಅತ್ಯಂತ ಬೆಲೆಬಾಳುವ ತಿದ್ದುಪಡಿ. ಎಚ್‌ಡಿಎಫ್‌ಎಸ್‌ನ ಸಂಯೋಜನಾ ಕಡತದಲ್ಲಿ ಗುಣದ ಹೆಸರನ್ನು ತಪ್ಪಾಗಿ ಬರೆದರೆ ಅದನ್ನು ಒಳಗೊಂಡ ಹಡೂಪ್ ತಂತ್ರಾಂಶ ದೂರು ಹೇಳುವುದಿಲ್ಲ. ಗೊತ್ತಿಲ್ಲದ ಹೆಸರನ್ನು ಸುಮ್ಮನೆ ಬದಿಗಿಟ್ಟು ಮೂಲ ಮೌಲ್ಯವನ್ನೇ ಬಳಸುತ್ತದೆ. ಪ್ರತಿಗಳ ಸಂಖ್ಯೆಯನ್ನು 2ಕ್ಕೆ ಇಳಿಸಿದ್ದೇನೆ ಎಂದು ನಂಬಿದವರ ಕ್ಲಸ್ಟರ್ 3 ಪ್ರತಿಗಳನ್ನೇ ಬರೆಯುತ್ತ ಹೋಗುತ್ತದೆ, ಡಿಸ್ಕ್ ಲೆಕ್ಕಕ್ಕಿಂತ ಮೊದಲೇ ತುಂಬುವ ತನಕ ಯಾರ ಗಮನಕ್ಕೂ ಬರುವುದಿಲ್ಲ. ಹಾಗಾಗಿ ಹೆಸರಿನ ಮೇಲೆ ಅನುಮಾನ ಬಂದರೆ, ತಿದ್ದುವ ಮುನ್ನ ಅದೇ ಹೆಸರನ್ನು ಕೋಡ್‌ನಲ್ಲಿ ಹುಡುಕಿ ನೋಡಿ. ಅಲ್ಲಿ ಸಿಕ್ಕಿದ ರೂಪವೇ ಅಂತಿಮ. ಸೆಫ್‌ನ ಮಟ್ಟಿಗೆ ಇನ್ನೊಂದು ಸೂಕ್ಷ್ಮವಿದೆ: ಸಂಯೋಜನೆಯ ಹೆಸರುಗಳಲ್ಲಿ ಪದಗಳ ನಡುವೆ ಖಾಲಿ ಜಾಗ, ಅಡಿಗೆರೆ, ಅಡ್ಡಗೆರೆ ಮೂರನ್ನೂ ಅದು ಸಮಾನವಾಗಿ ಸ್ವೀಕರಿಸುತ್ತದೆ. ಒಂದು ಪುಟದಲ್ಲಿ ಅಡಿಗೆರೆ, ಇನ್ನೊಂದರಲ್ಲಿ ಖಾಲಿ ಜಾಗ ಕಂಡರೆ ಅದನ್ನು ದೋಷವೆಂದು ವರದಿ ಮಾಡಬೇಕಿಲ್ಲ. ಏಕರೂಪಕ್ಕಾಗಿ ಬದಲಿಸುವುದಾದರೆ ಹಾಗೆಂದೇ ಸ್ಪಷ್ಟವಾಗಿ ತಿಳಿಸಿ.

ಪ್ರಶ್ನೆ: ಇಡೀ ಡಾಕ್ಯುಮೆಂಟೇಶನ್ ಮೇಲೆ ಕಾಗುಣಿತ ಪರೀಕ್ಷಕವೊಂದನ್ನು ಓಡಿಸಿದೆ. ಸಾವಿರಾರು ಪದಗಳನ್ನು ತಪ್ಪೆಂದು ತೋರಿಸಿತು. ಅದರಲ್ಲಿ ಬಹುಪಾಲು ತಪ್ಪೇ ಅಲ್ಲ. ಈ ಕೆಲಸಕ್ಕೆ ಯಾವ ಸಾಧನ ಸೂಕ್ತ?

ಉತ್ತರ: ನೀವು ಬಳಸಿದ್ದು ನಿಘಂಟು ಆಧರಿಸಿದ ಪರೀಕ್ಷಕವಿರಬೇಕು, ಆಸ್ಪೆಲ್, ಹನ್‌ಸ್ಪೆಲ್ ಆ ಬಗೆಯವು. ನಿಘಂಟಿನಲ್ಲಿಲ್ಲದ ಪ್ರತಿ ಪದವನ್ನೂ ಅವು ಅನುಮಾನಿಸುತ್ತವೆ. ಶೇಖರಣಾ ಕೈಪಿಡಿಯಲ್ಲಿ ಓಎಸ್‌ಡಿ, ಕ್ರಷ್ ಮ್ಯಾಪ್, ಬ್ಲೂಸ್ಟೋರ್, ನೇಮ್‌ನೋಡ್ ಮುಂತಾದ ತಾಂತ್ರಿಕ ಪದಗಳು ಸಾಲುಸಾಲಾಗಿ ಬರುವುದರಿಂದ ನಿಜವಾದ ತಪ್ಪು ಆ ಗದ್ದಲದಲ್ಲಿ ಮುಚ್ಚಿಹೋಗುತ್ತದೆ.

ಕೋಡ್‌ಸ್ಪೆಲ್ ಎಂಬ ಮುಕ್ತ ಸಾಧನ ಇದಕ್ಕೆ ಪ್ರತಿಯಾದ ದಾರಿ ಹಿಡಿಯುತ್ತದೆ. ಜನ ಸಾಮಾನ್ಯವಾಗಿ ಮಾಡುವ ತಪ್ಪುಗಳ ಪಟ್ಟಿ ಅದರಲ್ಲಿದೆ. ಆ ಪಟ್ಟಿಯಲ್ಲಿರುವ ತಪ್ಪು ರೂಪ ಕಂಡಾಗ ಮಾತ್ರ ಅದು ಬಾಯಿ ಬಿಡುತ್ತದೆ. ಲಿನಕ್ಸ್ ಕರ್ನಲ್‌ನ ಮೂಲಸಂಕೇತದೊಳಗೂ ಇಂಥದೇ ಪಟ್ಟಿಯ ಕಡತವೊಂದಿದೆ. ಒಂದೊಂದು ಸಾಲಿನಲ್ಲಿ ತಪ್ಪು ರೂಪ, ಅದರ ಮುಂದೆ ಸರಿ ರೂಪ ಇರುತ್ತದೆ, ಪ್ಯಾಚ್‌ಗಳನ್ನು, ಅಂದರೆ ಕಳುಹಿಸಿದ ತಿದ್ದುಪಡಿಗಳನ್ನು, ಪರೀಕ್ಷಿಸುವ ಸ್ಕ್ರಿಪ್ಟ್ ಅದನ್ನು ನೋಡಿಕೊಳ್ಳುತ್ತದೆ. ಈ ವಿಧಾನದಲ್ಲಿ ಅಪರೂಪದ ತಪ್ಪುಗಳು ತಪ್ಪಿಸಿಕೊಳ್ಳುವುದು ನಿಜ, ಆದರೆ ಸಿಕ್ಕಿದವುಗಳಲ್ಲಿ ಬಹುತೇಕ ನಿಜವಾದ ತಪ್ಪುಗಳೇ ಆಗಿರುತ್ತವೆ. ಹೊಸಬರಿಗೆ ನನ್ನ ಶಿಫಾರಸು ಇದೇ.

ಕೋಡ್‌ಸ್ಪೆಲ್‌ಗೆ ತಾನಾಗಿಯೇ ತಿದ್ದಿ ಕಡತವನ್ನು ಉಳಿಸುವ ಆಯ್ಕೆಯೂ ಇದೆ. ದಯವಿಟ್ಟು ಅದನ್ನು ಇಡೀ ರೆಪೊಸಿಟರಿಯ (ಯೋಜನೆಯ ಎಲ್ಲ ಕಡತಗಳ ಭಂಡಾರದ) ಮೇಲೆ ಬಳಸಬೇಡಿ. ಅದಕ್ಕೆ ವಿವರಣೆ ಯಾವುದು, ಕಮಾಂಡ್ ಯಾವುದು ಎಂಬ ವಿವೇಚನೆ ಇಲ್ಲ. ಎರಡಕ್ಷರದ ವೇರಿಯಬಲ್ ಹೆಸರನ್ನು ಅವಸರದಲ್ಲಿ ಬರೆದ ಇಂಗ್ಲಿಷ್ ಪದವೆಂದು ಭಾವಿಸಬಹುದು. ಪರೀಕ್ಷೆಗಾಗಿ ಬೇಕೆಂದೇ ತಪ್ಪಾಗಿ ಬರೆದ ಮಾದರಿ ದತ್ತಾಂಶವನ್ನೂ ಸರಿಪಡಿಸಿಬಿಡಬಹುದು. ಕೇವಲ ಡಾಕ್ಯುಮೆಂಟೇಶನ್ ಇರುವ ಫೋಲ್ಡರ್‌ನ ಮೇಲೆ ಓಡಿಸಿ, ಬಂದ ಪಟ್ಟಿಯನ್ನು ಒಂದೊಂದಾಗಿ ಓದಿ, ಕೈಯಿಂದಲೇ ತಿದ್ದಿ. ಪದೇಪದೇ ಅಡ್ಡಬರುವ ಸರಿಯಾದ ಪದಗಳನ್ನು ನಿರ್ಲಕ್ಷಿಸಬೇಕಾದವುಗಳ ಪಟ್ಟಿಗೆ ಸೇರಿಸುವ ವ್ಯವಸ್ಥೆಯಿದೆ, ಅದನ್ನು ಬಳಸಿಕೊಳ್ಳಿ.

ಹಾಗಿದ್ದರೂ ಸಾಧನಕ್ಕೆ ಕಾಣದ ತಪ್ಪುಗಳು ಓದುವ ಕಣ್ಣಿಗೆ ಮಾತ್ರ ಸಿಗುತ್ತವೆ. ಒಂದು ಸಾಲಿನ ಕೊನೆಯಲ್ಲಿ ‘ದಿ’ ಬಂದು, ಮುಂದಿನ ಸಾಲು ಮತ್ತೆ ‘ದಿ’ ಎಂದೇ ಆರಂಭವಾಗಿದ್ದರೆ ಬರೆದವರಿಗೂ ಪರಿಶೀಲಿಸಿದವರಿಗೂ ಅದು ಕಾಣದೆ ವರ್ಷಗಟ್ಟಲೆ ಉಳಿದಿರುತ್ತದೆ. ವಾಕ್ಯಗಳನ್ನು ಕೊನೆಯಿಂದ ಮೊದಲಿಗೆ ಓದುವ ಹಳೆಯ ಕರಡು ತಿದ್ದುವವರ ಕ್ರಮ ಇಲ್ಲಿಯೂ ಕೆಲಸಕ್ಕೆ ಬರುತ್ತದೆ.

ಪ್ರಶ್ನೆ: ಶೀರ್ಷಿಕೆಯೊಂದರಲ್ಲಿ ಬಿಟ್ಟುಹೋಗಿದ್ದ ಒಂದೇ ಒಂದು ಅಕ್ಷರ ಸೇರಿಸಿದೆ. ಡಾಕ್ಯುಮೆಂಟೇಶನ್ ಕಟ್ಟುವಾಗ ಎಚ್ಚರಿಕೆಯ ಸಂದೇಶ ಬಂತು. ಒಂದು ಅಕ್ಷರದಿಂದ ಹೀಗಾಗುವುದೇ?

ಉತ್ತರ: ಆಗುತ್ತದೆ. ಸೆಫ್‌ನ ಕೈಪಿಡಿ ರೀಸ್ಟ್ರಕ್ಚರ್ಡ್‌ಟೆಕ್ಸ್ಟ್ ಎಂಬ ಗುರುತು ಭಾಷೆಯಲ್ಲಿದೆ, ಸ್ಫಿಂಕ್ಸ್ ಎಂಬ ಸಾಧನ ಅದನ್ನು ವೆಬ್ ಪುಟಗಳಾಗಿ ಪರಿವರ್ತಿಸುತ್ತದೆ. ಅಲ್ಲಿ ಶೀರ್ಷಿಕೆಯ ಕೆಳಗೆ ಸಮ ಚಿಹ್ನೆ ಅಥವಾ ಅಡ್ಡಗೆರೆಗಳ ಸಾಲೊಂದನ್ನು ಎಳೆಯಬೇಕು, ಆ ಸಾಲು ಶೀರ್ಷಿಕೆಯಷ್ಟಾದರೂ ಉದ್ದವಿರಬೇಕು. ನೀವು ಮೇಲೆ ಒಂದು ಅಕ್ಷರ ಸೇರಿಸಿದಿರಿ, ಕೆಳಗೆ ಒಂದು ಚಿಹ್ನೆ ಸೇರಿಸಲಿಲ್ಲ. ಆದ್ದರಿಂದ ಶೀರ್ಷಿಕೆಯ ಅಡಿಗೆರೆ ಚಿಕ್ಕದಾಯಿತು ಎಂದು ಸ್ಫಿಂಕ್ಸ್ ಆಕ್ಷೇಪಿಸಿತು. ಕೆಳಗಿನ ಸಾಲಿಗೂ ಒಂದು ಚಿಹ್ನೆ ಸೇರಿಸಿದರೆ ಮುಗಿಯಿತು.

ಆದರೆ ಶೀರ್ಷಿಕೆಯ ವಿಷಯ ಅಲ್ಲಿಗೇ ಮುಗಿಯುವುದಿಲ್ಲ. ವೆಬ್ ಪುಟದಲ್ಲಿ ಪ್ರತಿ ಶೀರ್ಷಿಕೆಗೂ ಒಂದು ಕೊಂಡಿಯ ವಿಳಾಸ ತಾನಾಗಿ ಹುಟ್ಟುತ್ತದೆ, ಅದು ಹುಟ್ಟುವುದು ಶೀರ್ಷಿಕೆಯ ಅಕ್ಷರಗಳಿಂದಲೇ. ಶೀರ್ಷಿಕೆ ಬದಲಾದರೆ ಆ ವಿಳಾಸವೂ ಬದಲಾಗಿ, ಹಳೆಯ ಕೊಂಡಿಯನ್ನು ಎಲ್ಲೆಲ್ಲೋ ಉಳಿಸಿಕೊಂಡಿದ್ದವರು ಸರಿಯಾದ ಭಾಗದ ಬದಲು ಪುಟದ ತಲೆಗೆ ಬಂದು ನಿಲ್ಲುತ್ತಾರೆ. ಕೈಪಿಡಿಯೊಳಗಿನ ಬೇರೆ ಪುಟಗಳು ಶೀರ್ಷಿಕೆಯ ಮೇಲೆ ಬರೆದಿರುವ ಲೇಬಲ್ ಮೂಲಕ ಅದನ್ನು ಉಲ್ಲೇಖಿಸುತ್ತಿದ್ದರೆ ತೊಂದರೆಯಿಲ್ಲ. ಆ ಲೇಬಲ್‌ನಲ್ಲೇ ಕಾಗುಣಿತ ತಪ್ಪಿದ್ದರೆ? ಅದು ಓದುಗರಿಗೆ ಕಾಣುವುದಿಲ್ಲವಾದ್ದರಿಂದ ಬಿಟ್ಟುಬಿಡುವುದೇ ಲೇಸು. ತಿದ್ದಲೇಬೇಕೆಂದರೆ ಅದನ್ನು ಬಳಸಿರುವ ಎಲ್ಲ ಕಡತಗಳಲ್ಲೂ ಒಟ್ಟಿಗೆ ತಿದ್ದಬೇಕು.

ಇದೇ ಸಂದರ್ಭದಲ್ಲಿ ಇನ್ನೊಂದು ಮಾತು. ಕಮಾಂಡ್‌ಗಳನ್ನು ಜೋಡಿ ಬ್ಯಾಕ್‌ಟಿಕ್ ಚಿಹ್ನೆಗಳ ನಡುವೆ ಅಥವಾ ಕೋಡ್ ಬ್ಲಾಕ್‌ನಲ್ಲಿ ಇಡದೆ ಸಾಮಾನ್ಯ ವಾಕ್ಯದೊಳಗೆ ಬರೆದಿದ್ದರೆ, ಅದರಲ್ಲಿರುವ ಎರಡು ಅಡ್ಡಗೆರೆಗಳನ್ನು ಸ್ಫಿಂಕ್ಸ್ ಮೂಲ ಸಂಯೋಜನೆಯಲ್ಲಿ ಒಂದೇ ಉದ್ದಗೆರೆಯಾಗಿ ಪರಿವರ್ತಿಸುತ್ತದೆ. ಮೂಲ ಕಡತದಲ್ಲಿ ಎಲ್ಲ ಸರಿಯಾಗಿಯೇ ಇರುತ್ತದೆ. ಪುಟದಿಂದ ನಕಲಿಸಿದವರ ಟರ್ಮಿನಲ್ ಮಾತ್ರ ಆ ಆಯ್ಕೆಯನ್ನು ಗುರುತಿಸುವುದಿಲ್ಲ. ಅಕ್ಷರದೋಷ ಹುಡುಕಿಕೊಂಡು ಹೊರಟವರಿಗೆ ಇಂಥದೊಂದು ಸಿಕ್ಕಿದರೆ ಹತ್ತು ಕಾಗುಣಿತ ತಪ್ಪು ತಿದ್ದಿದ್ದಕ್ಕಿಂತ ಅದು ಮೇಲು. ಆದ್ದರಿಂದ ಮೂಲ ಕಡತವನ್ನು ಮಾತ್ರ ನೋಡದೆ, ಸೆಫ್ ರೆಪೊಸಿಟರಿಯಲ್ಲೇ ಇರುವ ‘ಬಿಲ್ಡ್-ಡಾಕ್’ ಸ್ಕ್ರಿಪ್ಟ್ ಓಡಿಸಿ, ಸಿದ್ಧವಾದ ಪುಟವನ್ನೂ ಕಣ್ಣಾರೆ ನೋಡಿ.

ಪ್ರಶ್ನೆ: ‘ಟಿಬಿ’ ಎಂದಿರುವ ಕಡೆ ‘ಟಿಐಬಿ’ ಎಂದಿರಬೇಕಲ್ಲವೇ? ಇದನ್ನು ಕಾಗುಣಿತ ತಪ್ಪೆಂದು ತಿದ್ದಬಹುದೇ?

ಉತ್ತರ: ಇದು ಕಾಗುಣಿತವಲ್ಲ, ಅಳತೆ. 1 ಟೆರಾಬೈಟ್ (ಟಿಬಿ) ಎಂದರೆ 1 ಲಕ್ಷ ಕೋಟಿ ಬೈಟ್. 1 ಟೆಬಿಬೈಟ್ (ಟಿಐಬಿ) ಎಂದರೆ 10,99,51,16,27,776 ಬೈಟ್. ಎರಡರ ನಡುವೆ ಸುಮಾರು ಶೇ. 10ರಷ್ಟು ವ್ಯತ್ಯಾಸವಿದೆ, ಪೆಟಾಬೈಟ್ ಮಟ್ಟಕ್ಕೆ ಹೋದರೆ ಅದು ಶೇ. 12.6ಕ್ಕೆ ಏರುತ್ತದೆ. ಇವುಗಳಲ್ಲಿ ಎರಡನೆಯ ಬಗೆಯ ಹೆಸರುಗಳನ್ನು ಅಂತರರಾಷ್ಟ್ರೀಯ ವಿದ್ಯುತ್‌ತಂತ್ರ ಆಯೋಗ 1998ರಲ್ಲಿ ಅಂಗೀಕರಿಸಿತಾದರೂ ಹಳೆಯ ಬರಹಗಳಲ್ಲಿ ಒಂದರ ಹೆಸರಿನಲ್ಲಿ ಇನ್ನೊಂದನ್ನು ಬಳಸುವ ರೂಢಿ ಉಳಿದಿದೆ. ಡಿಸ್ಕ್ ತಯಾರಕರು ಮೊದಲನೆಯದರಲ್ಲಿ ಮಾರುತ್ತಾರೆ, ತಂತ್ರಾಂಶಗಳು ಅನೇಕ ಸಲ ಎರಡನೆಯದರಲ್ಲಿ ತೋರಿಸುತ್ತವೆ. ಆ ನಿರ್ದಿಷ್ಟ ಕಮಾಂಡ್ ಯಾವ ಲೆಕ್ಕದಲ್ಲಿ ತೋರಿಸುತ್ತದೆ ಎಂದು ಓಡಿಸಿಯೋ ಕೋಡ್ ನೋಡಿಯೋ ಖಚಿತಪಡಿಸಿಕೊಳ್ಳದೆ ಬದಲಿಸಬೇಡಿ. ಇಂಗ್ಲಿಷಿನ ಸಣ್ಣ ‘ಬಿ’ ಬಿಟ್ ಎಂದೂ ದೊಡ್ಡ ‘ಬಿ’ ಬೈಟ್ ಎಂದೂ ಸೂಚಿಸುವುದರಿಂದ, ಅಲ್ಲಿನ ಒಂದು ಅಕ್ಷರದ ಏರುಪೇರು 8 ಪಟ್ಟು ವ್ಯತ್ಯಾಸ ಮಾಡುತ್ತದೆ ಎಂಬುದೂ ನೆನಪಿರಲಿ.

ಪ್ರಶ್ನೆ: ಬ್ರಿಟಿಷ್ ಕಾಗುಣಿತ, ಅಮೆರಿಕನ್ ಕಾಗುಣಿತ ಎರಡೂ ಬೆರೆತಿವೆ. ಒಂದೇ ಮಾಡಬೇಕೇ?

ಉತ್ತರ: ಯೋಜನೆಯ ಬರವಣಿಗೆ ಸೂಚಿಯಲ್ಲಿ ಇಂತಿಂಥದೇ ಎಂದು ಹೇಳಿದ್ದರೆ ಮಾತ್ರ. ಇಲ್ಲದಿದ್ದರೆ ಎರಡೂ ಸರಿಯೇ, ಮುಟ್ಟಬೇಡಿ.

ಪ್ರಶ್ನೆ: ಎರಡು ಅಕ್ಷರ ತಿದ್ದಿದ್ದಕ್ಕೆ ಸಹಿ ಬೇಕು, ಕಮಿಟ್ (ದಾಖಲಿಸಿದ ಬದಲಾವಣೆ) ಸಂದೇಶದ ರೂಪ ಸರಿಯಿಲ್ಲ, ಬೇರೆ ಬ್ರಾಂಚ್‌ಗೆ (ಕೋಡ್‌ನ ಬೇರೊಂದು ಕವಲಿಗೆ) ಕಳುಹಿಸಿ ಎಂದೆಲ್ಲ ಹೇಳಿದರು. ಇಷ್ಟು ಸಣ್ಣ ಕೆಲಸಕ್ಕೆ ಇಷ್ಟೆಲ್ಲ ಶಾಸ್ತ್ರ ಬೇಕೇ?

ಉತ್ತರ: ಮೂಗಿಗಿಂತ ಮೂಗುತಿ ಭಾರ ಎಂದು ಅನ್ನಿಸುವುದು ಸಹಜ. ಆದರೆ ಸೆಫ್‌ನಲ್ಲಿ ಡಾಕ್ಯುಮೆಂಟೇಶನ್ ಕೂಡ ಕೋಡ್ ಇರುವ ರೆಪೊಸಿಟರಿಯಲ್ಲೇ ಒಂದು ಫೋಲ್ಡರ್ ಆಗಿರುವುದರಿಂದ, ಕೋಡ್‌ಗೆ ಅನ್ವಯಿಸುವ ನಿಯಮಗಳೇ ಅದಕ್ಕೂ ಅನ್ವಯಿಸುತ್ತವೆ. ಎಲ್ಲ ಯೋಜನೆಗಳೂ ಹೀಗಿಲ್ಲ. ಗ್ಲಸ್ಟರ್‌ಎಫ್‌ಎಸ್‌ನ ಕೈಪಿಡಿಗೆ ಪ್ರತ್ಯೇಕ ರೆಪೊಸಿಟರಿ ಇದೆ, ಅದು ಮಾರ್ಕ್‌ಡೌನ್ ಎಂಬ ಗುರುತು ಭಾಷೆಯಲ್ಲಿದೆ.

ಸಹಿಯ ವಿಷಯ: ಕಮಿಟ್ ಸಂದೇಶದ ಕೊನೆಯಲ್ಲಿ ‘ಸೈನ್ಡ್-ಆಫ್-ಬೈ’ ಎಂಬ ಸಾಲಿನಲ್ಲಿ ನಿಮ್ಮ ಹೆಸರು, ಇಮೇಲ್ ಇರಬೇಕು. ಈ ಬರಹವನ್ನು ಕೊಡಲು ನನಗೆ ಹಕ್ಕಿದೆ, ಇದು ಯೋಜನೆಯ ಪರವಾನಗಿಯಡಿ ಸೇರಲು ನನ್ನ ಒಪ್ಪಿಗೆಯಿದೆ ಎಂಬ ಘೋಷಣೆ ಅದು. ಲಿನಕ್ಸ್ ಕರ್ನಲ್ ಸಮುದಾಯ 2004ರಲ್ಲಿ, ಮೂಲಸಂಕೇತದ ಒಡೆತನದ ಬಗ್ಗೆ ನ್ಯಾಯಾಲಯದಲ್ಲಿ ವ್ಯಾಜ್ಯ ನಡೆಯುತ್ತಿದ್ದ ಹಿನ್ನೆಲೆಯಲ್ಲಿ, ಯಾವ ಸಾಲು ಯಾರಿಂದ ಬಂತೆಂದು ದಾಖಲಿಸಲು ಈ ಕ್ರಮವನ್ನು ತಂದಿತು. ಬಳಿಕ ಹಲವು ಯೋಜನೆಗಳು ಅದನ್ನು ಎರವಲು ಪಡೆದವು. ಎರಡು ಅಕ್ಷರಕ್ಕೆ ಯಾರೂ ಒಡೆತನ ಸಾಧಿಸುವುದಿಲ್ಲ, ನಿಜ. ಆದರೆ ಎಷ್ಟು ಅಕ್ಷರದಿಂದ ಮೇಲೆ ಸಹಿ ಬೇಕು ಎಂದು ಪ್ರತಿ ಸಲ ಚರ್ಚಿಸುವುದಕ್ಕಿಂತ ಎಲ್ಲಕ್ಕೂ ಬೇಕು ಎನ್ನುವುದು ಸುಲಭ, ಅದನ್ನು ಪರೀಕ್ಷಿಸುವುದು ಯಂತ್ರವೇ. ಬದಲಾವಣೆಗಳನ್ನು ದಾಖಲಿಸುವ ಗಿಟ್ ಸಾಧನದಲ್ಲಿ ಕಮಿಟ್ ಮಾಡುವಾಗ ‘ಎಸ್’ ಆಯ್ಕೆ ಸೇರಿಸಿದರೆ ಆ ಸಾಲು ತಾನಾಗಿಯೇ ಬರುತ್ತದೆ. ಮರೆತಿದ್ದರೆ ಕೊನೆಯ ಕಮಿಟನ್ನು ‘ಅಮೆಂಡ್’ ಮಾಡಿ ಮತ್ತೆ ಪುಶ್ ಮಾಡಿದರಾಯಿತು, ಹೊಸ ಪುಲ್ ರಿಕ್ವೆಸ್ಟ್ (ತಿದ್ದುಪಡಿಯನ್ನು ಸೇರಿಸಿಕೊಳ್ಳಿ ಎಂಬ ಕೋರಿಕೆ) ತೆರೆಯಬೇಕಿಲ್ಲ.

ಕಮಿಟ್‌ನ ಶೀರ್ಷಿಕೆ ಆ ಬದಲಾವಣೆ ಎಲ್ಲಿ ಆಗಿದೆ ಎಂದು ಹೇಳಬೇಕು. ‘ಡಾಕ್’ ಎಂದು ಆರಂಭಿಸಿ, ಉಪವಿಭಾಗದ ಹೆಸರು ಬರೆದು, ಅನಂತರ ಏನು ತಿದ್ದಿದಿರಿ ಎಂದು ಒಂದು ಸಾಲಿನಲ್ಲಿ ಹೇಳಿದರೆ ಸಾಕು. ಬರಿಯ ‘ಅಪ್‌ಡೇಟ್’ ಎಂಬ ಶೀರ್ಷಿಕೆ ಮಾತ್ರ ಬೇಡ. ಆರು ತಿಂಗಳ ಬಳಿಕ ಇತಿಹಾಸ ಓದುವವರಿಗೆ ಅದು ಏನನ್ನೂ ಹೇಳುವುದಿಲ್ಲ.

ಬ್ರಾಂಚ್‌ನ ಸಂಗತಿಗೆ ಸ್ವಲ್ಪ ವಿವರಣೆ ಬೇಕು. ಸೆಫ್‌ನ ಆವೃತ್ತಿಗಳಿಗೆ ಆಕ್ಟೋಪಸ್, ಪೆಸಿಫಿಕ್, ಕ್ವಿನ್ಸಿ, ರೀಫ್, ಸ್ಕ್ವಿಡ್ ಹೀಗೆ ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಹೆಸರಿಡುತ್ತಾರೆ, ಪ್ರತಿ ಆವೃತ್ತಿಗೂ ಅದರದೇ ಬ್ರಾಂಚ್, ಅದರದೇ ಕೈಪಿಡಿ ಇರುತ್ತದೆ. ನೀವು ಓದಿದ್ದು ಹಳೆಯ ಆವೃತ್ತಿಯ ಪುಟವಾಗಿರಬಹುದು. ಆದರೂ ತಿದ್ದುಪಡಿ ಮೊದಲು ಮುಖ್ಯ ಬ್ರಾಂಚ್‌ಗೇ ಹೋಗಬೇಕು; ಅಲ್ಲಿ ಸೇರಿದ ಮೇಲೆ ‘ಚೆರ್ರಿ-ಪಿಕ್’ (ಆಯ್ದ ಕಮಿಟ್ ಅನ್ನು ಬೇರೆ ಬ್ರಾಂಚ್‌ಗೆ ನಕಲಿಸುವ ಕ್ರಮ) ಮೂಲಕ, ಮೂಲ ಕಮಿಟ್‌ನ ಗುರುತು ಉಳಿಯುವಂತೆ, ಹಳೆಯ ಬ್ರಾಂಚ್‌ಗಳಿಗೆ ಇಳಿಸುತ್ತಾರೆ. ನೇರವಾಗಿ ಹಳೆಯದನ್ನೇ ತಿದ್ದಿದರೆ ಮುಂದಿನ ಆವೃತ್ತಿಯಲ್ಲಿ ಅದೇ ತಪ್ಪು ಮತ್ತೆ ಪ್ರತ್ಯಕ್ಷವಾಗುತ್ತದೆ. ಮುಖ್ಯ ಬ್ರಾಂಚ್‌ನಲ್ಲಿ ಆ ಪ್ಯಾರಾ ಪೂರ್ತಿ ಬದಲಾಗಿಹೋಗಿರುವುದೂ ಉಂಟು, ಹಾಗಿದ್ದರೆ ವಿವರಣೆ ಕೊಟ್ಟು ಹಳೆಯ ಬ್ರಾಂಚ್‌ಗೇ ಕಳುಹಿಸುವುದು ನ್ಯಾಯ.

ಪ್ರಶ್ನೆ: ಮೂವತ್ತಕ್ಕೂ ಹೆಚ್ಚು ತಪ್ಪುಗಳು ಸಿಕ್ಕಿವೆ. ಒಂದೊಂದಕ್ಕೂ ಒಂದೊಂದು ಪುಲ್ ರಿಕ್ವೆಸ್ಟ್ ಕಳುಹಿಸಿದರೆ ನನ್ನ ಪ್ರೊಫೈಲ್‌ಗೆ ಒಳ್ಳೆಯದಲ್ಲವೇ?

ಉತ್ತರ: ಪ್ರೊಫೈಲ್‌ಗೆ ಒಳ್ಳೆಯದಿರಬಹುದು, ಯೋಜನೆಗಲ್ಲ. ಒಂದೊಂದು ಪುಲ್ ರಿಕ್ವೆಸ್ಟ್‌ಗೂ ಯಂತ್ರಗಳು ಪರೀಕ್ಷೆ ಓಡಿಸುತ್ತವೆ, ಒಬ್ಬ ಮನುಷ್ಯ ತೆರೆದು ಓದಿ ಒಪ್ಪಿಗೆ ಕೊಡಬೇಕಾಗುತ್ತದೆ. 2020ರ ಅಕ್ಟೋಬರಿನಲ್ಲಿ ಹ್ಯಾಕ್ಟೋಬರ್‌ಫೆಸ್ಟ್ ಎಂಬ ವಾರ್ಷಿಕ ಅಭಿಯಾನದಲ್ಲಿ ಉಚಿತ ಟೀಶರ್ಟ್ ಆಸೆಗೆ ಜನ ಅರ್ಥವಿಲ್ಲದ ಚಿಲ್ಲರೆ ಬದಲಾವಣೆಗಳನ್ನು ಮುಕ್ತ ಯೋಜನೆಗಳ ಮೇಲೆ ಸುರಿದರು. ನಿರ್ವಾಹಕರ ಗೋಳು ಎಷ್ಟಾಯಿತೆಂದರೆ ಸಂಘಟಕರು ಆ ತಿಂಗಳೇ ನಿಯಮ ಬದಲಿಸಿ, ತಾವಾಗಿ ಒಪ್ಪಿದ ಯೋಜನೆಗಳಿಗೆ ಮಾತ್ರ ಅಭಿಯಾನವನ್ನು ಸೀಮಿತಗೊಳಿಸಿದರು. ಪ್ರಾಮಾಣಿಕವಾಗಿ ಅಕ್ಷರದೋಷ ತಿದ್ದುವವರನ್ನೂ ಜನ ಅನುಮಾನದಿಂದ ನೋಡುವುದಕ್ಕೆ ಇಂಥ ಪ್ರಸಂಗಗಳೇ ಕಾರಣ.

ಹಾಗೆಂದು ಎಲ್ಲವನ್ನೂ ಒಂದೇ ಮೂಟೆ ಕಟ್ಟುವುದೂ ಸಲ್ಲದು. ಒಂದು ಉಪವಿಭಾಗದ ತಪ್ಪುಗಳನ್ನು, ಉದಾಹರಣೆಗೆ ಬ್ಲಾಕ್ ಡಿವೈಸ್ ಭಾಗದವನ್ನು, ಒಂದು ಪುಲ್ ರಿಕ್ವೆಸ್ಟ್‌ನಲ್ಲಿ ಕಳುಹಿಸಿ. ಆ ಭಾಗ ಬಲ್ಲವರು ಒಂದೇ ಸಲಕ್ಕೆ ನೋಡಿ ಮುಗಿಸುತ್ತಾರೆ. ಕಾಗುಣಿತದ ಜತೆಗೆ ಪ್ಯಾರಾದ ಸಾಲುಗಳನ್ನು ಮತ್ತೆ ಹೊಂದಿಸಲು ಹೋಗಬೇಡಿ. ಒಂದು ಅಕ್ಷರ ತಿದ್ದಿ ಇಡೀ ಪ್ಯಾರಾದ ಸಾಲುಗಳನ್ನು ಮುರಿದು ಜೋಡಿಸಿದರೆ, ಎಲ್ಲ ಸಾಲುಗಳೂ ಬದಲಾದಂತೆ ತೋರಿ, ನಿಜವಾಗಿ ಬದಲಾದದ್ದು ಯಾವುದೆಂದು ಪರಿಶೀಲಕರು ಹುಡುಕಬೇಕಾಗುತ್ತದೆ. ಕಮಾಂಡ್ ಅಥವಾ ಅಂಕಿಗೆ ಸಂಬಂಧಿಸಿದ ತಿದ್ದುಪಡಿಯನ್ನು ಮಾತ್ರ ಯಾವಾಗಲೂ ಪ್ರತ್ಯೇಕ ಕಮಿಟ್ ಆಗಿಡಿ. ಮೂವತ್ತು ಅಲ್ಪವಿರಾಮಗಳ ನಡುವೆ ಅದು ಅಡಗಿ ಕುಳಿತರೆ ಯಾರೂ ಅದನ್ನು ಗಮನವಿಟ್ಟು ಓದುವುದಿಲ್ಲ, ಹಳೆಯ ಬ್ರಾಂಚ್‌ಗಳಿಗೆ ತುರ್ತಾಗಿ ಇಳಿಸಬೇಕಾದದ್ದೂ ಅದೇ ಆಗಿರುತ್ತದೆ.

ಪ್ರಶ್ನೆ: ಇಂಗ್ಲಿಷ್ ನನ್ನ ತಾಯ್ನುಡಿಯಲ್ಲ. ಅನುಭವಿಗಳು ಬರೆದದ್ದನ್ನು ನಾನು ತಿದ್ದುವುದು ಅಧಿಕಪ್ರಸಂಗವಾಗುವುದಿಲ್ಲವೇ? ಕೆಲವು ವಾಕ್ಯಗಳಲ್ಲಿ ತಪ್ಪು ಅಕ್ಷರದ್ದೋ ಅರ್ಥದ್ದೋ ಎಂದೇ ನನಗೆ ತಿಳಿಯುವುದಿಲ್ಲ.

ಉತ್ತರ: ಅಧಿಕಪ್ರಸಂಗವೇನೂ ಅಲ್ಲ. ತಾಯ್ನುಡಿಯವರು ವಾಕ್ಯದ ಆಕಾರ ನೋಡಿಯೇ ಅರ್ಥ ಊಹಿಸಿಕೊಂಡು ಮುಂದೆ ಹೋಗುತ್ತಾರೆ, ಬಿಟ್ಟುಹೋದ ‘ನಾಟ್’ ಅವರ ಮನಸ್ಸಿನಲ್ಲಿ ತಾನಾಗಿ ತುಂಬಿಕೊಳ್ಳುತ್ತದೆ. ಪದಪದವಾಗಿ ಓದುವವರು ಬರೆದದ್ದನ್ನೇ ಓದುತ್ತಾರೆ. ಕೈಪಿಡಿ ಹೇಳಿದಂತೆಯೇ ಒಂದೊಂದು ಹೆಜ್ಜೆಯನ್ನು ಪರೀಕ್ಷಾ ಕ್ಲಸ್ಟರ್‌ನಲ್ಲಿ ಮಾಡಿ ನೋಡುವ ಕಲಿಕೆಗಾರರಿಗೆ ಸಿಗುವ ತಪ್ಪುಗಳು ಆ ಕಮಾಂಡ್‌ಗಳನ್ನು ಬಾಯಿಪಾಠ ಬಲ್ಲವರಿಗೆ ಸಿಗುವುದೇ ಇಲ್ಲ.

ಅನುಮಾನವಿರುವ ವಾಕ್ಯಗಳಿಗೆ ಬೇರೆ ದಾರಿಯಿದೆ. ಮೂರು ಮಾನಿಟರ್‌ಗಳ ಕ್ಲಸ್ಟರ್‌ನಲ್ಲಿ ಒಂದು ಮಾನಿಟರ್ ಉಳಿದರೂ ಕೋರಂ ಇರುತ್ತದೆ ಎಂಬರ್ಥದ ವಾಕ್ಯ ಕಂಡಿತು ಎಂದುಕೊಳ್ಳಿ. ಬಹುಮತ ಬೇಕಾದ್ದರಿಂದ ಮೂರರಲ್ಲಿ ಎರಡು, ಐದರಲ್ಲಿ ಮೂರು ಬೇಕು ಎಂದು ನಿಮಗೆ ಗೊತ್ತಿದೆ. ಆದರೆ ಲೇಖಕರು ‘ಒಂದು ಹೋದರೂ’ ಎಂದು ಬರೆಯಲು ಹೊರಟು ಪದ ತಪ್ಪಿದರೋ, ಸಂಖ್ಯೆ ತಪ್ಪಿದರೋ, ನಿಮಗೆ ತಿಳಿಯದು. ಆಗ ನೀವೇ ಊಹಿಸಿ ತಿದ್ದಬೇಡಿ. ಯೋಜನೆಯ ದೋಷ ದಾಖಲಿಸುವ ವ್ಯವಸ್ಥೆಯಲ್ಲಿ ವರದಿಯೊಂದನ್ನು ತೆರೆಯಿರಿ. ಯಾವ ಆವೃತ್ತಿಯ ಯಾವ ಪುಟ, ಯಾವ ವಾಕ್ಯ ಎಂಬುದನ್ನು ಯಥಾವತ್ತಾಗಿ ನಕಲಿಸಿ. ನೀವು ಓಡಿಸಿದ ಕಮಾಂಡ್ ಮತ್ತು ಅದಕ್ಕೆ ಬಂದ ಉತ್ತರವನ್ನು ಕತ್ತರಿಸದೆ ಸೇರಿಸಿ. ವಾಕ್ಯದ ಅರ್ಥ ಹೀಗಿರಬೇಕೇ ಎಂದು ಕೇಳಿ. ಉತ್ತರ ಬಂದ ಮೇಲೆ ಪ್ಯಾಚ್ ಬರೆಯುವವರೂ ನೀವೇ ಆಗಿ, ಕಮಿಟ್ ಸಂದೇಶದಲ್ಲಿ ಆ ವರದಿಯ ಸಂಖ್ಯೆಯನ್ನು ನಮೂದಿಸಿ.